ಕೆರೆಗೆ ಬಿಟ್ಟ ಮೀನು ಯಾರದು?

(ಕಾರ್ಮಿಕರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ವಾರದ ರಜೆಯ ದಿನ ಗಾಳ ಹಿಡಿದು ಕೆರೆಯ ದಂಡೆಯಲ್ಲಿ ಕೂತವನನ್ನು ಸೋಮಾರಿ ಎನ್ನುವವರಿದ್ದಾರೆ. ಆರು ದಿನ ಗಿರಣಿಯ ಸದ್ದಿನಲ್ಲೋ ಅಂಗಡಿಯ ಗಲ್ಲಾದ ಹಿಂದೆಯೋ ಕಳೆದವನಿಗೆ ಏಳನೆಯ ದಿನ ನೀರಿನ ಬದಿಯಲ್ಲಿ ನಾಲ್ಕು ಗಂಟೆ ನೆಮ್ಮದಿ ಬೇಕು. ಇದನ್ನು ನಾವು ವಿಲಾಸ ಎನ್ನುವುದಿಲ್ಲ, ಹಕ್ಕು ಎನ್ನುತ್ತೇವೆ. ಗಾಳಕ್ಕೆ ಒಂದು ಮೀನು ಸಿಕ್ಕರೆ ಅಂದಿನ ಸಾರಿಗೂ ಆಯಿತು.

ಆದರೆ ಎಷ್ಟೋ ಕೆರೆಗಳಲ್ಲಿ ಗುತ್ತಿಗೆದಾರನ ಕಾವಲುಗಾರ ಬಂದು ಅವನನ್ನು ಎಬ್ಬಿಸುತ್ತಾನೆ. “ಮೀನು ನಮ್ಮದು, ಹರಾಜಿನಲ್ಲಿ ಹಿಡಿದಿದ್ದೇವೆ” ಎನ್ನುತ್ತಾನೆ. ಈ ಮಾತನ್ನು ನಾವು ಕೊಂಚ ಪರೀಕ್ಷಿಸಬೇಕು.

ಕೆರೆಗೆ ಬಿಡುವ ಕಾಟ್ಲಾ, ರೋಹು, ಮೃಗಾಲ್ ಮೂಲತಃ ಉತ್ತರದ ಹೊಳೆಗಳ ಮೀನು. ಕಾಟ್ಲಾ ಮೇಲ್ನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತವೆ. ಒಂದರ ಅನ್ನಕ್ಕೆ ಇನ್ನೊಂದು ಅಷ್ಟಾಗಿ ಬಾಯಿ ಹಾಕದು. ಅದಕ್ಕೇ ಮೂರನ್ನೂ ಕೂಡಿಸಿ ಬಿಡುತ್ತಾರೆ. ಆದರೆ ನಿಂತ ನೀರಿನಲ್ಲಿ ಇವು ಸಾಮಾನ್ಯವಾಗಿ ಮೊಟ್ಟೆಯಿಡುವುದಿಲ್ಲ, ಮಳೆಗಾಲದ ಹರಿಯುವ ಹೊಸನೀರು ಬೇಕು. ಹಿಂದೆ ಮರಿಗಳನ್ನು ಹೊಳೆಯಿಂದಲೇ ಹಿಡಿದು ತರಬೇಕಾಗಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲದಲ್ಲಿ ಡಾ. ಹೀರಾಲಾಲ್ ಚೌಧುರಿ ಮತ್ತು ಅವರ ಜೊತೆಗಾರರು, ಮೀನಿನ ಮೆದುಳಿನ ಬುಡದ ಗ್ರಂಥಿಯ ರಸವನ್ನು ಚುಚ್ಚಿ, ಈ ಜಾತಿಯ ಮೀನುಗಳು ಹೊಳೆಯಿಲ್ಲದೆಯೂ ಮೊಟ್ಟೆಯಿಡುವಂತೆ ಮಾಡಿದರು. ಅವರು ಸರ್ಕಾರದ ಸಂಬಳ ಪಡೆದ ವಿಜ್ಞಾನಿಗಳು. ಆ ಸಂಬಳ ಜನರ ತೆರಿಗೆಯದು.

ಕೆರೆ ತೋಡಿದವರು ನಮ್ಮ ಹಿರಿಯರು, ನೀರು ಮಳೆಯದು, ಮರಿ ಮಾಡಿಸುವ ವಿದ್ಯೆ ಸಾರ್ವಜನಿಕರದು. ಹರಾಜು ಕೂಗಿದ ಮಾತ್ರಕ್ಕೆ ಇದೆಲ್ಲ ಒಬ್ಬನದಾಗುವುದು ಹೇಗೆ? ಗುತ್ತಿಗೆದಾರ ಕೆಟ್ಟವನೆಂದು ನಾವು ಹೇಳುತ್ತಿಲ್ಲ. ಹರಾಜಿನ ಲೆಕ್ಕವೇ ಅಂಥದು: ಗುತ್ತಿಗೆ ಮುಗಿಯುವುದರೊಳಗೆ ಹಾಕಿದ ಹಣ ಮರಳಿ ಬರಬೇಕು, ಸಣ್ಣ ಕಣ್ಣಿನ ಬಲೆ ಬೀಳುತ್ತದೆ, ಮುಂದಿನ ವರ್ಷದ ಚಿಂತೆ ಯಾರಿಗೂ ಇರುವುದಿಲ್ಲ.

ಇನ್ನೊಂದು ಮಾತು. 2016ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಚರಂಡಿಯ ಕೊಳೆ ಸೇರಿದ ನೀರಿನಲ್ಲಿ ಆಮ್ಲಜನಕ ಉಳಿಯದು. ಮೀನು ಉಸಿರುಗಟ್ಟಿ ಸಾಯುತ್ತದೆ. ದಂಡೆಗೆ ಕಲ್ಲು ಹಾಸಿ, ದೀಪ ನೆಟ್ಟು, ಒಳಗೆ ಚರಂಡಿ ಹರಿಸಿದರೆ ಅದು ಕೆರೆಯಲ್ಲ, ಅಲಂಕಾರ ಮಾಡಿದ ಗುಂಡಿ.

ಆದ್ದರಿಂದ ನಮ್ಮ ಬೇಡಿಕೆಗಳು ಮೂರು. ಮೊದಲನೆಯದು, ಬಲೆಯ ಹಕ್ಕು ದುಡಿಯುವ ಮೀನುಗಾರರ ಸಹಕಾರ ಸಂಘಕ್ಕೆ ಸಿಗಬೇಕು; ಬಿಟ್ಟ ಮರಿ ಎಷ್ಟು, ಹಿಡಿದ ಮೀನು ಎಷ್ಟು ಎಂಬ ಲೆಕ್ಕ ಕೆರೆಯ ಬಳಿ ಹಲಗೆಯ ಮೇಲೆ ಬರೆದಿರಬೇಕು. ಎರಡನೆಯದು, ಒಂದು ದಂಡೆಯನ್ನು ಗಾಳಕ್ಕೆ ಬಿಡಬೇಕು. ಅಲ್ಪ ಶುಲ್ಕ ಇರಲಿ, ತಲೆಗೆ ಇಷ್ಟೇ ಮೀನು ಎಂಬ ಮಿತಿ ಇರಲಿ, ಎಳೆಮೀನನ್ನು ಮರಳಿ ನೀರಿಗೆ ಬಿಡುವ ಕಟ್ಟಳೆ ಇರಲಿ. ಆ ಕಟ್ಟಳೆಯನ್ನು ಮೊದಲು ಪಾಲಿಸುವವರು ನಾವೇ ಆಗಬೇಕು. ಮೂರನೆಯದು, ಮರಿ ಬಿಡುವ ಮೊದಲು ಚರಂಡಿಯನ್ನು ತಿರುಗಿಸಬೇಕು.

ಇದರಿಂದ ವರ್ತಕ ಮಿತ್ರರಿಗೆ ನಷ್ಟವಿಲ್ಲ. ಲಾರಿಯಲ್ಲಿ ಪರಊರಿಗೆ ಹೋಗುವ ಮೀನು ನಮ್ಮ ಸಂತೆಯಲ್ಲೇ ಮಾರಾಟವಾದರೆ ದುಡ್ಡು ಊರಲ್ಲೇ ತಿರುಗುತ್ತದೆ. ದಾರ, ಗಾಳ, ಚಹ ಮಾರುವವನಿಗೂ ನಾಲ್ಕು ಕಾಸು ಸಿಗುತ್ತದೆ.

ಮುಂದಿನ ಹರಾಜಿನ ನೋಟೀಸು ಹೊರಡುವ ಮೊದಲೇ ಈ ಮೂರು ಬೇಡಿಕೆಗಳಿಗೆ ಸಹಿ ಕೂಡಿಸಿ ಕಚೇರಿಗೆ ಒಪ್ಪಿಸೋಣ. ಹರಾಜು ಮುಗಿದ ಮೇಲೆ ಕೂಗಿ ಪ್ರಯೋಜನವಿಲ್ಲ.