ಸಂದೇಶವು ಚುಚ್ಚುಮದ್ದಲ್ಲ

(ಶಿಕಾರಿಪುರ ಹಾಗೂ ಸೊರಬ ತಾಲ್ಲೂಕುಗಳ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ರೋಗಿಯು ನಂಬಲಿ, ಬಿಡಲಿ, ಚುಚ್ಚುಮದ್ದು ತನ್ನ ಕೆಲಸವನ್ನು ಮಾಡುತ್ತದೆ. ರೇಡಿಯೋ, ಚಲನಚಿತ್ರ, ವೃತ್ತಪತ್ರಿಕೆಗಳ ಸಂದೇಶವೂ ಹೀಗೆಯೇ ಜನರ ಮನಸ್ಸಿಗೆ ನೇರವಾಗಿ ಇಳಿಯುವುದೆಂದು ಹಿಂದೆ ಅನೇಕರು ಭಾವಿಸಿದ್ದರು. ಆದರೆ 1940ರಲ್ಲಿ ಅಮೆರಿಕದ ಓಹಿಯೋ ಸಂಸ್ಥಾನದಲ್ಲಿ ಲಾಜರ್ಸ್‌ಫೆಲ್ಡ್ ಎಂಬ ಸಮಾಜವಿಜ್ಞಾನಿಯೂ ಅವರ ಸಂಗಡಿಗರೂ ಚುನಾವಣೆಯ ಸಮಯದಲ್ಲಿ ಮತದಾರರನ್ನು ವಿಚಾರಿಸಿದಾಗ ಬೇರೆಯೇ ಸಂಗತಿ ಕಂಡುಬಂದಿತು. ಪ್ರಚಾರವನ್ನು ಕೇಳಿ ಮನಸ್ಸು ಬದಲಿಸಿದವರು ಕೆಲವರೇ. ತಮ್ಮ ನಡುವಿನ ನಂಬಿಕಸ್ಥರ ಮಾತಿಗೆ ಜನರು ಹೆಚ್ಚಿನ ಬೆಲೆ ಕೊಟ್ಟಿದ್ದರು.

ನಮ್ಮ ಅನುಭವವೂ ಇದೇ ಆಗಿದೆ. 1965ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರವು ಆರಂಭವಾಯಿತು. ಕೆಂಪು ತ್ರಿಕೋಣವೂ ‘ನಾವಿಬ್ಬರು, ನಮಗಿಬ್ಬರು’ ಎಂಬ ಘೋಷಣೆಯೂ ಅಕ್ಷರ ಬಾರದವರಿಗೂ ಪರಿಚಿತವಾದವು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ ವಿವಾಹಿತ ಸ್ತ್ರೀಯರಲ್ಲಿ ಶೇಕಡ 37.9 ಮಂದಿ ತಾವೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದರು. ಪತಿಯು ಮಾಡಿಸಿಕೊಂಡಿದ್ದುದು ಶೇಕಡ 0.3ರಷ್ಟು ಮಾತ್ರ. ಘೋಷಣೆಯು ‘ನಾವಿಬ್ಬರು’ ಎಂದಿತು. ಭಾರವನ್ನು ಹೊತ್ತವಳು ಒಬ್ಬಳೇ.

ಇದಕ್ಕೆ ಕಾರಣಗಳುಂಟು. 1976ರಲ್ಲಿ ದೇಶದ ಹಲವೆಡೆ ನಡೆದ ಬಲವಂತವು ಜನರ ವಿಶ್ವಾಸವನ್ನು ಕೆಡಿಸಿತು. ಇನ್ನೊಂದು, ಅರಳಿಕಟ್ಟೆಯ ಮಾತು. ‘ಆಪರೇಷನ್ ಆದರೆ ಗಂಡಸುತನ ಹೋಗುತ್ತದೆ, ಅಡಿಕೆ ಮರ ಹತ್ತುವ ತ್ರಾಣ ಉಳಿಯದು’ ಎಂದು ನೆಂಟನೊಬ್ಬ ನುಡಿದರೆ, ರೇಡಿಯೋದ ನೂರು ಮಾತುಗಳೂ ವ್ಯರ್ಥವಾಗುತ್ತವೆ. ಇಂದು ಅಂತಹ ಮಾತು ವಾಟ್ಸ್‌ಆ್ಯಪ್ ಮೂಲಕವೂ ಮನೆಗೆ ಬರುತ್ತದೆ. ಕಳುಹಿಸಿದವನು ಪರಿಚಿತನೆಂಬ ಒಂದೇ ಕಾರಣದಿಂದ ಅದು ಸತ್ಯವಾಗದು.

ನಿಜಾಂಶವನ್ನು ತಿಳಿಯಿರಿ. ಪುರುಷರ ಶಸ್ತ್ರಚಿಕಿತ್ಸೆಯಲ್ಲಿ ವೀರ್ಯಾಣುಗಳು ಸಾಗುವ ನಾಳಗಳನ್ನು ಮಾತ್ರ ಮುಚ್ಚಲಾಗುತ್ತದೆ. ವೃಷಣಗಳು ಹಾರ್ಮೋನನ್ನು ಎಂದಿನಂತೆ ಉತ್ಪಾದಿಸುತ್ತವೆ. ಆದುದರಿಂದ ಪುರುಷತ್ವವಾಗಲಿ, ದುಡಿಯುವ ಶಕ್ತಿಯಾಗಲಿ ಕುಂದುವುದಿಲ್ಲ. ಹೊಲಿಗೆಯ ಅಗತ್ಯವಿಲ್ಲದ ವಿಧಾನವೂ ಇದೆ. ಹೊಟ್ಟೆಯನ್ನು ತೆರೆದು ಮಾಡುವ ಸ್ತ್ರೀಯರ ಶಸ್ತ್ರಚಿಕಿತ್ಸೆಗಿಂತ ಇದು ಸರಳ, ಅಪಾಯವೂ ಕಡಿಮೆ. ಕೆಲವು ದಿನ ಭಾರ ಎತ್ತಬಾರದು. ಮೂರು ತಿಂಗಳವರೆಗೆ ನಿರೋಧ್ ಮುಂತಾದ ಬೇರೆ ಕ್ರಮವನ್ನು ಅನುಸರಿಸಿ, ಬಳಿಕ ವೀರ್ಯ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಇದು ಶಾಶ್ವತ ಕ್ರಮವಾದುದರಿಂದ ಮುಂದೆ ಮಕ್ಕಳು ಬೇಕೆನ್ನುವವರಿಗೆ ತಕ್ಕುದಲ್ಲ. ಅಂಥವರಿಗೆ ವಂಕಿ, ಮಾತ್ರೆ, ನಿರೋಧ್‌ಗಳಿವೆ.

ನನ್ನ ಮಾತನ್ನೂ ಚುಚ್ಚುಮದ್ದಿನಂತೆ ಸ್ವೀಕರಿಸಬೇಡಿ. ಈ ರಾತ್ರಿ ಊಟವಾದ ಬಳಿಕ ಗಂಡಹೆಂಡಿರು ಕೂಡಿ ಮಾತನಾಡಿ. ‘ಇದನ್ನು ಹೇಳಿದವರು ಯಾರು? ಅವರಿಗೆ ಹೇಗೆ ಗೊತ್ತು?’ ಎಂದು ಕೇಳಿಕೊಳ್ಳಿ. ಸಂದೇಹವಿದ್ದರೆ ಇಬ್ಬರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿ. ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ನಿರ್ಧಾರವು ನಿಮ್ಮದು, ಒತ್ತಾಯ ಮಾಡುವ ಹಕ್ಕು ಯಾರಿಗೂ ಇಲ್ಲ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಆರೋಗ್ಯದಿಂದಿರುವ ಗೃಹಸ್ಥನೊಬ್ಬನು ತನ್ನ ಅನುಭವವನ್ನು ನೆರೆಯವರಿಗೆ ತಿಳಿಸಿದರೆ, ಅದು ಈ ಪುಸ್ತಿಕೆಗಿಂತಲೂ ಹೆಚ್ಚಿನ ಉಪಕಾರವನ್ನು ಮಾಡೀತು.