ಗ್ರಂಥವಿಮರ್ಶೆಯೂ ದಾಕ್ಷಿಣ್ಯವೂ

ಮದುವೆ ಮುಂಜಿಗಳಲ್ಲಿ ಮುಯ್ಯಿ ಮಾಡುವ ಪದ್ಧತಿ ನಮ್ಮಲ್ಲಿ ಬಹುಕಾಲದಿಂದ ಬಂದದ್ದು. ಯಾರು ಎಷ್ಟು ಕೊಟ್ಟರೆಂಬುದನ್ನು ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡು, ಅವರ ಮನೆಯಲ್ಲಿ ಶುಭಕಾರ್ಯ ನಡೆದಾಗ ಅಷ್ಟನ್ನೇ, ಕೈಲಾದರೆ ಒಂದು ರೂಪಾಯಿ ಹೆಚ್ಚಾಗಿ, ಹಿಂದಿರುಗಿಸತಕ್ಕದ್ದು. ಸಂಸಾರಿಗಳಿಗೆ ಇದರಿಂದ ಉಪಕಾರವುಂಟು. ಒಬ್ಬನ ಹೊರೆಯನ್ನು ಹತ್ತು ಮಂದಿ ಹೊತ್ತಂತಾಗುತ್ತದೆ. ಇದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಈ ಪದ್ಧತಿ ಚಪ್ಪರದಿಂದ ಎದ್ದು ಸಾಹಿತ್ಯದ ಅಂಗಳಕ್ಕೆ ಬಂದು ಕುಳಿತರೆ ಏನಾಗುತ್ತದೆಂಬುದನ್ನು ವಿಚಾರಮಾಡಬೇಕಾಗಿದೆ. ‘ನನ್ನ ಕವನಸಂಗ್ರಹವನ್ನು ಅವರು ಮೆಚ್ಚಿ ಬರೆದರು; ಅವರ ಕಾದಂಬರಿ ಹೊರಬಂದಿರುವಾಗ ನಾನು ಸುಮ್ಮನಿರುವುದು ಹೇಗೆ?’ ಎಂಬ ಈ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ಯಾರೂ ಮರೆಯುವುದೂ ಇಲ್ಲ.

ನಾವು ಹೇಳಬೇಕೆಂದಿರುವುದು ಮುಖ್ಯವಾಗಿ ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿಸಿ ತಾವೇ ಮಾರುವ ಗ್ರಂಥಕರ್ತರನ್ನು ಕುರಿತು. ಇಂಥವರು ಕನ್ನಡಕ್ಕೆ ಹೊಸಬರಲ್ಲ. ಗಳಗನಾಥರು (1869-1942) ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ ಓದುಗರನ್ನು ಹುಡುಕಿಕೊಂಡರು. ಶಿವರಾಮ ಕಾರಂತರು (1902-1997) ಪುತ್ತೂರಿನಲ್ಲಿ ತಮ್ಮದೇ ಮುದ್ರಣಾಲಯವನ್ನು ನಡೆಸಿ ಪುಸ್ತಕಗಳನ್ನು ಪ್ರಕಟಿಸಿದರು. ಈಗಲಾದರೋ ಕಂಪ್ಯೂಟರಿನ ದೆಸೆಯಿಂದ ಕೆಲಸ ಮತ್ತಷ್ಟು ಹಗುರವಾಗಿದೆ; ಐವತ್ತೋ ನೂರೋ, ಬೇಕಾದಷ್ಟೇ ಪ್ರತಿಗಳನ್ನು ತೆಗೆಸಬಹುದು. ಸುಲಭವಾದದ್ದು ಅಚ್ಚಿನ ಕೆಲಸವೇ ಹೊರತು ಓದುಗರನ್ನು ಪಡೆಯುವ ಕೆಲಸವಲ್ಲ. ದೊಡ್ಡ ಪ್ರಕಾಶಕರ ಪುಸ್ತಕವಾದರೆ ಹಸ್ತಪ್ರತಿಯನ್ನು ಓದಿ ‘ಇದು ಬೇಡ, ಅದನ್ನು ತಿದ್ದಿ’ ಎನ್ನುವವರೊಬ್ಬರಾದರೂ ನಡುವೆ ಇರುವ ಸಂಭವವುಂಟು. ಸ್ವಂತ ಪ್ರಕಾಶನದಲ್ಲಿ ಗ್ರಂಥಕರ್ತನಿಗೂ ಅಚ್ಚಿನ ಯಂತ್ರಕ್ಕೂ ನಡುವೆ ಬಹುಮಟ್ಟಿಗೆ ಯಾರೂ ಇಲ್ಲ. ಪತ್ರಿಕೆಗಳಿಗೆ ಎರಡೆರಡು ಪ್ರತಿಗಳನ್ನು ಕಳುಹಿಸಿದರೆ, ‘ಸಾದರ ಸ್ವೀಕಾರ’ದ ಪಟ್ಟಿಯಲ್ಲಿ ಹೆಸರು ಕಾಣಿಸಿ ಅಲ್ಲಿಗೇ ಮುಗಿಯುವುದೇ ಹೆಚ್ಚು. ಹೀಗಿರುವಲ್ಲಿ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿ ನಾಲ್ಕು ಮಾತು ಬರೆಯುವವನು ಮತ್ತೊಬ್ಬ ಗ್ರಂಥಕರ್ತನೇ. ಲೇಖಕರು ಲೇಖಕರನ್ನು ವಿಮರ್ಶಿಸಕೂಡದೆಂದು ವಿಧಿಸಿದರೆ ವಿಮರ್ಶೆಯೇ ಇಲ್ಲವಾದೀತು. ಆದಕಾರಣ, ಮಾಡಬೇಕೇ ಬೇಡವೇ ಎಂಬುದು ಪ್ರಶ್ನೆಯಲ್ಲ. ಪ್ರಾಮಾಣಿಕವಾಗಿ ಮಾಡುವುದು ಹೇಗೆ ಎಂಬುದೇ ಪ್ರಶ್ನೆ.

ನಮ್ಮ ಪ್ರಾಚೀನರು ಈ ತೊಡಕನ್ನು ಚೆನ್ನಾಗಿ ಬಲ್ಲವರಾಗಿದ್ದರು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತನ್ನ ಮೊದಲ ಪರಿಚ್ಛೇದವನ್ನೇ ಕಾವ್ಯದ ದೋಷಾದೋಷಗಳ ವಿಚಾರಕ್ಕೆ ಮೀಸಲಾಗಿಟ್ಟಿದೆ. ಕವಿ ತನ್ನ ದೋಷವನ್ನು ತಾನು ಕಾಣಲಾರನೆಂಬುದಕ್ಕೆ ಅಲ್ಲಿ ಕೊಟ್ಟಿರುವ ಹೋಲಿಕೆ ಕಣ್ಣಿನದು ಮತ್ತು ಕಾಡಿಗೆಯದು. ತನಗೆ ಹಚ್ಚಿದ ಕಾಡಿಗೆ ಕಣ್ಣಿಗೆ ಕಾಣದು; ಎದುರಿಗೆ ನಿಂತವನಿಗೆ ಕಾಣುತ್ತದೆ. ಸಹಲೇಖಕನ ಉಪಯೋಗವೆಲ್ಲ ಅವನು ಎದುರಿಗೆ ನಿಂತವನೆಂಬುದರಲ್ಲಿದೆ. ಆದರೆ ಇದೇ ಪ್ರಾಚೀನರ ಮತ್ತೊಂದು ಸಂಪ್ರದಾಯವನ್ನೂ ನೋಡಿರಿ. ಕಾವ್ಯದ ಆರಂಭದಲ್ಲಿ ಪೂರ್ವಕವಿಗಳ ಸ್ಮರಣೆ, ಅದರ ಜೊತೆಗೆ ಕುಕವಿನಿಂದೆ. ಸ್ಮರಣೆ ಹೆಸರು ಹಿಡಿದು ನಡೆಯುತ್ತದೆ; ನಿಂದೆಗೆ ಸಾಮಾನ್ಯವಾಗಿ ಹೆಸರಿಲ್ಲ. ಹೊಗಳಿಸಿಕೊಂಡವರು ಬಹುಮಟ್ಟಿಗೆ ಕಾಲವಾದವರು. ಬೈಸಿಕೊಂಡವರು ಯಾರೋ, ಪ್ರಾಯಶಃ ನೆರೆಯಲ್ಲೇ ಇದ್ದವರು. ಬದುಕಿರುವ ಕವಿಯನ್ನು ಹೆಸರಿಟ್ಟು, ಇಂಥ ಸ್ಥಳದಲ್ಲಿ ಚೆನ್ನಾಗಿದೆ, ಇಂಥ ಸ್ಥಳದಲ್ಲಿ ಕೆಟ್ಟಿದೆ ಎಂದು ಹೇಳುವ ಅಭ್ಯಾಸ ಆ ಸಂಪ್ರದಾಯದಿಂದ ನಮಗೆ ದೊರೆಯಲಿಲ್ಲ. ಹೊಸ ಕಾಲದ ಮಾಸಪತ್ರಿಕೆಗಳೇ ಅದನ್ನು ಕಲಿಸಬೇಕಾಯಿತು.

ಇಂಗ್ಲಿಷಿನವರಾದರೂ ಇದರಲ್ಲಿ ನಿಷ್ಕಳಂಕರೆಂದು ಭಾವಿಸಬೇಕಾಗಿಲ್ಲ. ಸರ್ ವಾಲ್ಟರ್ ಸ್ಕಾಟನು ಹೆಸರಿಲ್ಲದೆ ಪ್ರಕಟಿಸಿದ್ದ ತನ್ನ ಕಥೆಗಳನ್ನೇ 1817ರಲ್ಲಿ ಕ್ವಾರ್ಟರ್ಲಿ ರಿವ್ಯೂ ಪತ್ರಿಕೆಯಲ್ಲಿ ಹೆಸರಿಲ್ಲದೆ ವಿಮರ್ಶಿಸಿದನು. ಅಮೆರಿಕದ ವಾಲ್ಟ್ ವಿಟ್ಮನ್ 1855ರಲ್ಲಿ ತನ್ನ ‘ಲೀವ್ಸ್ ಆಫ್ ಗ್ರಾಸ್’ ಎಂಬ ಕವನಸಂಗ್ರಹವನ್ನು ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿ, ಅದರ ಪ್ರಶಂಸೆಯನ್ನು ತಾನೇ ಒಂದಕ್ಕಿಂತ ಹೆಚ್ಚು ಪತ್ರಿಕೆಗಳಲ್ಲಿ ಅನಾಮಧೇಯವಾಗಿ ಬರೆದನು. ಕಾವ್ಯ ಉಳಿಯಿತು, ಈ ಕೃತ್ಯವೂ ಅದರ ಚರಿತ್ರೆಯಲ್ಲಿ ಉಳಿದುಕೊಂಡಿತು. ಈಚೆಗೆ, 2004ರಲ್ಲಿ, ಅಮೆಜಾನ್ ಎಂಬ ಅಂತರ್ಜಾಲದ ಅಂಗಡಿಯ ಕೆನಡಾ ಶಾಖೆಯಲ್ಲಿ ಯಂತ್ರದೋಷದಿಂದ ಅನಾಮಧೇಯ ವಿಮರ್ಶಕರ ನಿಜನಾಮಗಳು ಕೆಲವು ದಿನ ಬಯಲಾದವು. ತಮ್ಮ ಪುಸ್ತಕವನ್ನು ತಾವೇ ಹೊಗಳಿಕೊಂಡಿದ್ದ ಗ್ರಂಥಕರ್ತರು ಹೊರಬಿದ್ದರು. 2012ರಲ್ಲಿ ಇಂಗ್ಲೆಂಡಿನ ಅಪರಾಧ ಕಾದಂಬರಿಕಾರರೊಬ್ಬರು ಸುಳ್ಳು ಹೆಸರುಗಳಲ್ಲಿ ತಮ್ಮನ್ನು ಹೊಗಳಿಕೊಂಡು ಪ್ರತಿಸ್ಪರ್ಧಿಗಳನ್ನು ತೆಗಳಿದ್ದು ಬೆಳಕಿಗೆ ಬಂದಿತು. ಆ ವರ್ಷದ ಕೊನೆಯ ವೇಳೆಗೆ ಅಮೆಜಾನಿನವರು ಗ್ರಂಥಕರ್ತರು ಇತರ ಗ್ರಂಥಕರ್ತರ ಪುಸ್ತಕಗಳನ್ನು ಕುರಿತು ಬರೆದಿದ್ದ ಅನೇಕ ಅಭಿಪ್ರಾಯಗಳನ್ನು ಕಿತ್ತುಹಾಕಿದರು. ಕಳೆಯ ಜೊತೆಗೆ ಪೈರೂ ಹೋಯಿತೆಂದು ಲೇಖಕರು ದೂರಿದರು. ದೂರು ನ್ಯಾಯವಾದದ್ದೆಂದೇ ನಮ್ಮ ಅಭಿಪ್ರಾಯ.

ಹಾಗಾದರೆ ಎಲ್ಲರೂ ಹೆಸರು ಹಾಕಿ ಬರೆದರೆ ದೋಷ ಪರಿಹಾರವಾಯಿತೆ? ಲಂಡನ್ನಿನ ಟೈಮ್ಸ್ ಸಾಹಿತ್ಯ ಪುರವಣಿ 1902ರಲ್ಲಿ ಆರಂಭವಾದಂದಿನಿಂದ 1974ರವರೆಗೆ ವಿಮರ್ಶಕರ ಹೆಸರನ್ನು ಪ್ರಕಟಿಸುತ್ತಿರಲಿಲ್ಲ. ಮರೆಯಲ್ಲಿರುವವನು ಸ್ನೇಹಕ್ಕೂ ಭಯಕ್ಕೂ ಒಳಗಾಗದೆ ನಿಜವನ್ನಾಡಬಲ್ಲನೆಂಬುದು ಅದರ ಸಮರ್ಥನೆ. ಮರೆಯಿಂದ ಬಾಣವನ್ನೂ ಬಿಡಬಹುದೆಂಬುದು ಅದಕ್ಕೆ ಆಕ್ಷೇಪಣೆ. ಕನ್ನಡದಲ್ಲಿ ಈ ಚರ್ಚೆಗೆ ಹೆಚ್ಚು ಅವಕಾಶವಿಲ್ಲ. ನಮ್ಮ ಲೇಖಕವರ್ಗ ಅಷ್ಟು ದೊಡ್ಡದಲ್ಲ. ಹೆಸರು ಮುಚ್ಚಿಟ್ಟರೂ ಎರಡನೆಯ ವಾಕ್ಯದಲ್ಲಿಯೇ ಬರೆದವರಾರೆಂದು ಗೊತ್ತಾಗಿಬಿಡುತ್ತದೆ. ಹೆಸರು ಹಾಕುವುದೇ ಯುಕ್ತ. ಹೆಸರು ಹಾಕಿದ ಕೂಡಲೇ ಬಂದು ಎದುರಿಗೆ ನಿಲ್ಲುವುದು ದಾಕ್ಷಿಣ್ಯ.

ಈ ದಾಕ್ಷಿಣ್ಯವೆಂಬುದು ಸುಳ್ಳಿಗಿಂತ ಸೂಕ್ಷ್ಮವಾದದ್ದು. ಸುಳ್ಳು ಹೆಸರಿನಲ್ಲಿ ತನ್ನನ್ನು ಹೊಗಳಿಕೊಳ್ಳುವವನಿಗೆ ತಾನು ಮೋಸ ಮಾಡುತ್ತಿದ್ದೇನೆಂಬ ಅರಿವುಂಟು. ದಾಕ್ಷಿಣ್ಯದಿಂದ ಬರೆಯುವವನು ತಾನು ಉಪಕಾರ ಮಾಡುತ್ತಿದ್ದೇನೆಂದೇ ತಿಳಿದಿರುತ್ತಾನೆ. ನಾವು ಬಲ್ಲ ಒಬ್ಬ ನಿವೃತ್ತ ಉಪಾಧ್ಯಾಯರು ತಮ್ಮ ಭವಿಷ್ಯನಿಧಿಯ ಹಣದಲ್ಲಿ ಒಂದು ಭಾಗವನ್ನು ಹಾಕಿ ಐತಿಹಾಸಿಕ ಕಾದಂಬರಿಯೊಂದನ್ನು ಪ್ರಕಟಿಸಿದರು. ಪ್ರತಿಗಳು ಐನೂರು. ಹಳ್ಳಿಯ ಬದುಕಿನ ಚಿತ್ರ ಅದರಲ್ಲಿ ನಿಜವಾಗಿಯೂ ಸೊಗಸಾಗಿತ್ತು. ಆದರೆ ಯುದ್ಧದ ಪ್ರಕರಣಗಳು ಬೇಸರ ಬರುವಷ್ಟು ಉದ್ದ. ಒಂದು ಪಾತ್ರವಂತೂ ಸತ್ತ ಮೂರು ಅಧ್ಯಾಯಗಳ ಮೇಲೆ ಮತ್ತೆ ಊಟಕ್ಕೆ ಕುಳಿತಿತ್ತು. ಲೇಖಕಮಿತ್ರರು ಮೂವರು ವಿಮರ್ಶೆ ಬರೆದರು. ಮೂವರೂ ಯುದ್ಧವರ್ಣನೆಯನ್ನು ಕೊಂಡಾಡಿದರು. ಸತ್ತವನು ಎದ್ದುಬಂದದ್ದನ್ನು ಒಬ್ಬರೂ ಹೇಳಲಿಲ್ಲ. ಕಂಡಿರಲಿಲ್ಲವೋ, ಕಂಡೂ ಹೇಳಲಾರದೆ ಹೋದರೋ. ಉಪಾಧ್ಯಾಯರು ಅದನ್ನು ನಂಬಿದರು. ನಂಬದಿರಲು ಅವರಿಗೆ ಕಾರಣವಾದರೂ ಏನಿತ್ತು? ಎರಡನೆಯ ಕಾದಂಬರಿಯಲ್ಲಿ ಹಳ್ಳಿಯನ್ನು ಬಿಟ್ಟು ಯುದ್ಧವನ್ನೇ ತುಂಬಿದರು. ಸಾವಿರ ಪ್ರತಿ ಅಚ್ಚು ಹಾಕಿಸಿದರು. ಅದರಲ್ಲಿ ಹೆಚ್ಚಿನ ಪಾಲು ಈಗ ಅವರ ಮನೆಯ ಅಟ್ಟದ ಮೇಲಿದೆ. ಮಿತ್ರರು ಕೊಟ್ಟ ಹೊಗಳಿಕೆಗೆ ಬೆಲೆ ತೆತ್ತವರು ಆ ಉಪಾಧ್ಯಾಯರೂ ಅವರ ಮನೆಯವರೂ. ಆ ಹೊಗಳಿಕೆಯನ್ನು ನಂಬಿ ಮೊದಲ ಪುಸ್ತಕವನ್ನು ಕೊಂಡ ಓದುಗರೂ ಅಷ್ಟಿಷ್ಟು ತೆತ್ತರು. ಅವರು ಮತ್ತೊಮ್ಮೆ ಅಪರಿಚಿತ ಲೇಖಕನ ಪುಸ್ತಕಕ್ಕೆ ಕೈಚಾಚುವುದು ಅನುಮಾನ.

ವಿಮರ್ಶೆ ಯಾರಿಗಾಗಿ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಇದನ್ನು ಕುರಿತು ಒಂದು ಸ್ವಾರಸ್ಯವಾದ ವಾದ ಉಂಟು. ವರ್ಜೀನಿಯಾ ವುಲ್ಫ್ ಮತ್ತು ಆಕೆಯ ಪತಿ ಲೆನರ್ಡ್ ವುಲ್ಫ್ 1917ರಲ್ಲಿ ಕೈಯಿಂದ ನಡೆಯುವ ಒಂದು ಅಚ್ಚಿನ ಯಂತ್ರವನ್ನು ಕೊಂಡು ಹೊಗಾರ್ತ್ ಪ್ರೆಸ್ಸನ್ನು ಸ್ಥಾಪಿಸಿದರು. ಮುಂದೆ ಆಕೆಯ ಕಾದಂಬರಿಗಳು ಅಲ್ಲಿಂದಲೇ ಹೊರಬಂದುವು. ಎಂದರೆ ಆಕೆಯೂ ಸ್ವಂತ ಪ್ರಕಾಶನದವಳೇ. ಮೇಲಾಗಿ ಅನೇಕ ವರ್ಷ ಪುಸ್ತಕವಿಮರ್ಶೆ ಮಾಡಿದವಳು. 1939ರಲ್ಲಿ ಆಕೆ ಒಂದು ಕಿರುಹೊತ್ತಗೆಯನ್ನು ಬರೆದು, ಪತ್ರಿಕೆಗಳ ವಿಮರ್ಶೆಯನ್ನೇ ನಿಲ್ಲಿಸಿಬಿಡಬಹುದೆಂದೂ, ಅದಕ್ಕೆ ಬದಲಾಗಿ ಲೇಖಕನು ವೈದ್ಯನ ಬಳಿಗೆ ಹೋಗುವಂತೆ ವಿಮರ್ಶಕನ ಬಳಿಗೆ ಹೋಗಿ, ಮೂರು ಗಿನಿ ದಕ್ಷಿಣೆಯಿತ್ತು, ಏಕಾಂತದಲ್ಲಿ ತನ್ನ ಪುಸ್ತಕದ ಗುಣದೋಷಗಳನ್ನು ಕೇಳಿ ತಿಳಿಯಬಹುದೆಂದೂ ಸೂಚಿಸಿದಳು. ಏಕಾಂತದಲ್ಲಿ ದಾಕ್ಷಿಣ್ಯಕ್ಕೂ ಪ್ರದರ್ಶನಕ್ಕೂ ಎಡೆಯಿಲ್ಲವೆಂಬುದು ಆಕೆಯ ಭಾವ. ಅದೇ ಹೊತ್ತಗೆಯ ಕೊನೆಯಲ್ಲಿ ಪತಿಯ ಟಿಪ್ಪಣಿಯೊಂದಿದೆ. ಆತನು ಒಪ್ಪುವುದಿಲ್ಲ. ವಿಮರ್ಶಕನು ಮಾತನಾಡುವುದು ಓದುಗನೊಡನೆ. ಲೇಖಕನಿಗೆ ಪಾಠ ಹೇಳುವುದು ಅವನ ಕೆಲಸವೇ ಅಲ್ಲ ಎಂದು ಆತನ ವಾದ. ಗಂಡಹೆಂಡಿರು ಒಂದೇ ಹೊತ್ತಗೆಯಲ್ಲಿ ಹೀಗೆ ಬಹಿರಂಗವಾಗಿ ಭಿನ್ನಾಭಿಪ್ರಾಯವನ್ನು ಅಚ್ಚು ಹಾಕಿದ್ದೇ ಪ್ರಾಮಾಣಿಕ ವಿಮರ್ಶೆಗೆ ಒಳ್ಳೆಯ ಮಾದರಿಯೆನ್ನಬಹುದು.

ನಮಗೆ ತೋರುವಂತೆ ಇಬ್ಬರ ಮಾತೂ ಸರಿ. ವಿಷಯ ಮಾತ್ರ ಬೇರೆ ಬೇರೆ. ಲೇಖಕನು ತಿದ್ದಿಕೊಳ್ಳಬಹುದಾದದ್ದನ್ನು ಲೇಖಕನಿಗೆ ಕಾಗದ ಬರೆದು ತಿಳಿಸಬೇಕು. ಓದುಗನು ತಿಳಿಯಬೇಕಾದದ್ದನ್ನು ವಿಮರ್ಶೆಯಲ್ಲಿ ಹೇಳಬೇಕು. ನಲವತ್ತು ಅಚ್ಚಿನ ತಪ್ಪುಗಳ ಪಟ್ಟಿ ಕಾಗದಕ್ಕೆ ಸೇರಿದ್ದು. ಓದಿಗೆ ಅಡ್ಡಿಯಾಗುವಷ್ಟು ತಪ್ಪುಗಳಿವೆಯೆಂಬ ಒಂದು ವಾಕ್ಯ ವಿಮರ್ಶೆಗೆ ಸೇರಿದ್ದು. ಸತ್ತವನು ಊಟಕ್ಕೆ ಕುಳಿತ ಪುಟದ ಸಂಖ್ಯೆ ಕಾಗದದಲ್ಲಿರಲಿ. ಕಥೆಯ ಕಟ್ಟು ಅಲ್ಲಲ್ಲಿ ಸಡಿಲವಾಗಿದೆಯೆಂಬುದು ವಿಮರ್ಶೆಯಲ್ಲಿರಲಿ. ಕಾಗದ ಬರೆದೆನಲ್ಲಾ ಎಂದು ವಿಮರ್ಶೆಯಲ್ಲಿ ಬರಿಯ ಹೂಮಳೆ ಸುರಿಸಿದರೆ ಓದುಗನಿಗೆ ದ್ರೋಹ. ಕಾಗದದಲ್ಲಿ ಹೇಳಬೇಕಾದುದನ್ನೆಲ್ಲ ನಾಲ್ಕು ಜನರ ಮುಂದೆ ಹೇಳಿದರೆ ಲೇಖಕನಿಗೆ ವೃಥಾ ನೋವು.

ಪುಸ್ತಕ ಕೈಗೆ ಬರುವ ಮೊದಲೇ ಇತ್ಯರ್ಥವಾಗಬೇಕಾದ ಕೆಲವು ವಿಷಯಗಳಿವೆ. ‘ಓದುತ್ತೇನೆ, ಬರೆದೇ ಬರೆಯುತ್ತೇನೆಂದು ಮಾತು ಕೊಡಲಾರೆ’ ಎಂದು ಆಗಲೇ ಹೇಳಿಬಿಟ್ಟರೆ ಮುಂದಿನ ಸಂಕಟದಲ್ಲಿ ಅರ್ಧ ಕಡಮೆಯಾಗುತ್ತದೆ. ಸಾಧ್ಯವಾದರೆ ಗೌರವಪ್ರತಿಯನ್ನು ಬಿಟ್ಟು ದುಡ್ಡು ಕೊಟ್ಟು ಕೊಳ್ಳುವುದು ಮೇಲು. ನಮ್ಮ ಜೇಬಿನ ಹಣ ಹೋದಾಗ ಓದುಗನ ಜೇಬಿನ ನೆನಪು ತಾನಾಗಿ ಬರುತ್ತದೆ. ಇಬ್ಬರು ಲೇಖಕರು ಪರಸ್ಪರ ಬರೆದುಕೊಳ್ಳುವುದನ್ನು ತಪ್ಪಿಸುವುದು ಒಳ್ಳೆಯದು. ಹತ್ತು ಹನ್ನೆರಡು ಮಂದಿಯ ಕೂಟವಿದ್ದರೆ, ತನ್ನ ಪುಸ್ತಕವನ್ನು ವಿಮರ್ಶಿಸಿದವನ ಪುಸ್ತಕ ತನ್ನ ಪಾಲಿಗೆ ಬರದಂತೆ ಹಂಚಿಕೊಳ್ಳಬಹುದು. ಹಾಗೆ ಮಾಡಿದರೆ ಮುಯ್ಯಿಯ ನೇರಸಂಬಂಧ ಕಡಿದುಹೋಗುತ್ತದೆ, ಪೂರ್ತಿಯಾಗಿ ಅಲ್ಲದಿದ್ದರೂ. ಮುನ್ನುಡಿ ಬರೆದವನೂ ಬೆನ್ನುಡಿ ಬರೆದವನೂ ಅದೇ ಪುಸ್ತಕಕ್ಕೆ ವಿಮರ್ಶಕನಾಗುವುದು, ಮದುವೆ ಕುದುರಿಸಿದವನೇ ಹುಡುಗನ ಗುಣಕ್ಕೆ ಸಾಕ್ಷಿ ಹೇಳಿದಂತೆ, ಅದು ಕೂಡದು. ಉಳಿದ ಸಂಬಂಧಗಳನ್ನು ಮುಚ್ಚಿಡದೆ ಹೇಳಿದರೆ ಸಾಕು. ‘ಲೇಖಕರು ನಮ್ಮ ಸಹೋದ್ಯೋಗಿಗಳು’ ಎಂಬ ಮೂರು ಪದಗಳಿಂದ ವಿಮರ್ಶೆಯ ತೂಕ ಕಡಮೆಯಾಗುವುದಿಲ್ಲ; ಓದುಗನಿಗೆ ತಕ್ಕಡಿ ದೊರೆತಂತಾಗುತ್ತದೆ.

ಸರ್ಕಾರಗಳೂ ಈಗ ಈ ವಿಷಯಕ್ಕೆ ಕೈಹಾಕಿವೆ. ಭಾರತದಲ್ಲಿ 2022ರ ನವೆಂಬರಿನಲ್ಲಿ ಅಂತರ್ಜಾಲದ ಅಭಿಪ್ರಾಯಗಳನ್ನು ಕುರಿತು ಒಂದು ಮಾನಕವನ್ನು ಪ್ರಕಟಿಸಲಾಯಿತು. ಅಮೆರಿಕದಲ್ಲಿ ಸುಳ್ಳು ವಿಮರ್ಶೆಗಳನ್ನು ನಿಷೇಧಿಸುವ ನಿಯಮ 2024ರ ಅಕ್ಟೋಬರಿನಲ್ಲಿ ಜಾರಿಗೆ ಬಂದಿತು. ಕೂಲಿ ಕೊಟ್ಟು ಬರೆಸಿದ ಹೊಗಳಿಕೆಯನ್ನು ಕಾನೂನು ಹಿಡಿಯಬಲ್ಲದು. ದಾಕ್ಷಿಣ್ಯವನ್ನು ಯಾವ ಕಾನೂನೂ ಹಿಡಿಯಲಾರದು.

ಇನ್ನು ಬರೆಯುವ ರೀತಿ. ‘ಕನ್ನಡ ಸಾರಸ್ವತ ಲೋಕಕ್ಕೆ ಅಮೂಲ್ಯ ಕೊಡುಗೆ’ ಎಂಬಂಥ ವಾಕ್ಯಗಳು ನಮ್ಮ ವಿಮರ್ಶೆಗಳಲ್ಲಿ ಮೇಯಲು ಬಿಟ್ಟ ದನಗಳಂತೆ ಓಡಾಡುತ್ತಿವೆ. ಇವಕ್ಕೆ ಒಂದು ಪರೀಕ್ಷೆಯುಂಟು. ಪುಸ್ತಕದ ಹೆಸರನ್ನು ಬದಲಾಯಿಸಿ ಅದೇ ವಾಕ್ಯವನ್ನು ಬೇರೊಂದು ಪುಸ್ತಕಕ್ಕೆ ಹಚ್ಚಬಹುದಾದರೆ ಆ ವಾಕ್ಯವನ್ನು ಹೊಡೆದುಹಾಕತಕ್ಕದ್ದು. ಮೆಚ್ಚಿಕೆಗೂ ಆಕ್ಷೇಪಕ್ಕೂ ಪುಟದಿಂದ ಆಧಾರ ಬೇಕು. ಪುಸ್ತಕ ಏನು ಮಾಡಲು ಹೊರಟಿದೆ ಎಂಬುದನ್ನು ಮೊದಲು ಹೇಳಿ, ಅದನ್ನು ಮಾಡಿದೆಯೇ ಎಂದು ನೋಡುವುದು ನ್ಯಾಯ. ಲೇಖಕನೇ ವಿಮರ್ಶಕನಾದಾಗ ಇಲ್ಲಿಯೇ ಎಡವುವ ಸಂಭವ ಹೆಚ್ಚು. ದಾಕ್ಷಿಣ್ಯಕ್ಕೆ ಬಲಿಯಾಗದವನು ಮಾತ್ಸರ್ಯಕ್ಕೆ ಬಲಿಯಾದಾನು; ಕಾದಂಬರಿಕಾರನು ಮತ್ತೊಬ್ಬನ ಕಾದಂಬರಿಯನ್ನು ಓದುತ್ತ, ತಾನಾಗಿದ್ದರೆ ಹೇಗೆ ಬರೆಯುತ್ತಿದ್ದೆನೆಂದು ಎಣಿಸುತ್ತ, ಹಾಗಿಲ್ಲವೆಂಬುದನ್ನೇ ದೋಷವಾಗಿ ಬರೆಯುತ್ತಾನೆ. ಸಣ್ಣಕಥೆ ಬರೆಯುವವರ ಪುಸ್ತಕವನ್ನು ಪ್ರಬಂಧಕಾರರಿಗೂ, ನಾಟಕವನ್ನು ಕಥೆಗಾರರಿಗೂ ಕೊಟ್ಟರೆ ಈ ಬಾಧೆ ಕಡಮೆಯಾಗುವುದನ್ನು ನಾವು ಕಂಡಿದ್ದೇವೆ. ಕಸುಬಿನ ಸೂಕ್ಷ್ಮ ಅವರಿಗೆ ಅಷ್ಟು ತಿಳಿಯದಿರಬಹುದು. ಓದುಗರಲ್ಲಿ ಬಹುಮಂದಿಗೂ ಅದು ತಿಳಿಯದಷ್ಟೆ.

ವಿಮರ್ಶೆಗೆ ಗುರಿಯಾದವನ ಕರ್ತವ್ಯವೂ ಸ್ವಲ್ಪ ಇದೆ. ಅಭಿಪ್ರಾಯಕ್ಕೆ ಉತ್ತರ ಕೊಡಹೋಗುವುದು ವ್ಯರ್ಥ. ತನಗೆ ಬೇಸರ ತಂದ ಪ್ರಕರಣ ಬೇಸರದ್ದಲ್ಲವೆಂದು ಯಾವ ಓದುಗನನ್ನೂ ವಾದದಿಂದ ಒಪ್ಪಿಸಲಾಗದು. ಸಂಗತಿಯಲ್ಲಿ ತಪ್ಪಾಗಿದ್ದರೆ ಮಾತು ಬೇರೆ. ಪುಸ್ತಕದಲ್ಲಿ ಇಂಥ ವಿಷಯವೇ ಬಂದಿಲ್ಲವೆಂದು ವಿಮರ್ಶಕನು ಬರೆದು, ಅದು ಒಂದು ಅಧ್ಯಾಯದ ತುಂಬ ಇದ್ದರೆ, ಸಂಪಾದಕರಿಗೆ ಎರಡು ಸಾಲು ಬರೆಯಬೇಕು. ಸಂಪಾದಕರು ಅದನ್ನು ವಿಮರ್ಶೆ ಬಂದ ಪುಟದಲ್ಲಿಯೇ ಪ್ರಕಟಿಸಬೇಕು. ಆ ಎರಡು ಸಾಲಿನಲ್ಲಿ ಅಧ್ಯಾಯದ ಹೆಸರು ಮತ್ತು ಪುಟದ ಸಂಖ್ಯೆ ಇದ್ದರೆ ಸಾಕಾಗುತ್ತದೆ.