ಮಕ್ಕಳ ಬುದ್ಧಿಯನ್ನು ಕದಿಯುವ ಸೀಸ

(ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಮಗುವಿಗೆ ಜ್ವರ ಬಂದರೆ ನಾವು ರಾತ್ರಿಯಿಡೀ ನಿದ್ದೆಗೆಡುತ್ತೇವೆ. ಆದರೆ ಜ್ವರವನ್ನಾಗಲಿ ನೋವನ್ನಾಗಲಿ ತಾರದೆ, ಅನುದಿನವೂ ಕಣಕಣವಾಗಿ ಮಗುವಿನ ದೇಹವನ್ನು ಸೇರುವ ವಿಷದ ಕುರಿತು ನಾವು ಎಚ್ಚರವಾಗಿದ್ದೇವೆಯೇ? ಸೀಸವು ಅಂತಹ ಒಂದು ವಿಷ.

1979ರಲ್ಲಿ ಅಮೇರಿಕದ ವೈದ್ಯ ಹರ್ಬರ್ಟ್ ನೀಡಲ್‌ಮನ್, ಶಾಲಾ ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಪರೀಕ್ಷಿಸಿದರು. ಆ ಮಕ್ಕಳಲ್ಲಿ ರೋಗದ ಲಕ್ಷಣವೇನೂ ಇರಲಿಲ್ಲ. ಆದರೂ ಹಲ್ಲಿನಲ್ಲಿ ಸೀಸ ಹೆಚ್ಚಿದ್ದ ಮಕ್ಕಳು ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಹಿಂದುಳಿದಿದ್ದರು, ತರಗತಿಯಲ್ಲಿ ಏಕಾಗ್ರತೆ ಇಲ್ಲದವರಾಗಿದ್ದರು. ನಾವು ದಡ್ಡನೆಂದೂ ತುಂಟನೆಂದೂ ಗದರಿಸುವ ಮಗುವಿನ ತಪ್ಪು ಎಷ್ಟು, ನಮ್ಮ ಅಜಾಗ್ರತೆ ಎಷ್ಟು ಎಂದು ಆಲೋಚಿಸಬೇಕಾಗಿದೆ.

ದೇಹವು ಸೀಸವನ್ನು ಸುಣ್ಣಾಂಶವೆಂದೇ ಭ್ರಮಿಸಿ ಎಲುಬುಗಳಲ್ಲಿ ಶೇಖರಿಸಿಡುತ್ತದೆ. ಅದು ಅಲ್ಲಿ ದಶಕಗಳ ಕಾಲ ಉಳಿಯುತ್ತದೆ. ಹೆಣ್ಣು ಗರ್ಭಿಣಿಯಾದಾಗ ಸುಣ್ಣಾಂಶದೊಂದಿಗೆ ಅದೂ ರಕ್ತಕ್ಕೆ ಇಳಿದು ಭ್ರೂಣವನ್ನು ತಲುಪುತ್ತದೆ. ಅಂದರೆ ಬಾಲಕಿ ಸೇವಿಸಿದ ವಿಷವನ್ನು ಮುಂದೆ ಆಕೆಯ ಕೂಸು ಉಣ್ಣುತ್ತದೆ. ವಯಸ್ಕರಲ್ಲಿ ಅದು ರಕ್ತದೊತ್ತಡ, ಹೃದ್ರೋಗ ಮತ್ತು ಮೂತ್ರಪಿಂಡದ ಕಾಯಿಲೆಗೆ ಕಾರಣವಾಗುತ್ತದೆ. ಸುರಕ್ಷಿತವೆನ್ನಬಹುದಾದ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ದೇಶದ ಹಲವು ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿತು. ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚಿನವರ ರಕ್ತದಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂಗೂ ಮೀರಿದ ಸೀಸವಿತ್ತು. 2000ದಲ್ಲಿ ಸೀಸಯುಕ್ತ ಪೆಟ್ರೋಲ್ ನಿಂತಿತು. ಆದರೂ ವಿಷ ತೊಲಗಲಿಲ್ಲ. ಜಗತ್ತಿನ ಪ್ರತಿ ಮೂರು ಮಕ್ಕಳಲ್ಲಿ ಒಂದು ಮಗುವಿನ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿದೆಯೆಂದು ಯುನಿಸೆಫ್ 2020ರಲ್ಲಿ ತಿಳಿಸಿತು.

ಹಾಗಾದರೆ ಅದು ಬರುವುದೆಲ್ಲಿಂದ? ನಮ್ಮ ಮನೆಗಳನ್ನೇ ನೋಡೋಣ. ಹಸುಗೂಸಿನ ಕಣ್ಣಿಗೆ ಪ್ರೀತಿಯಿಂದ ಸುರ್ಮಾ ಹಚ್ಚುತ್ತೇವೆ. ಹದೀಸ್‌ಗಳಲ್ಲಿ ಪ್ರಸ್ತಾಪವಾಗಿರುವುದು ಇಸ್ಮಿದ್. ಇಂದು ಪೇಟೆಯಲ್ಲಿ ಸುರ್ಮಾ ಎಂಬ ಹೆಸರಿನಲ್ಲಿ ಮಾರಾಟವಾಗುವ ಅನೇಕ ಪುಡಿಗಳಲ್ಲಿರುವುದು ಸೀಸದ ಅದಿರು. ಮಗು ಕಣ್ಣುಜ್ಜಿದ ಬೆರಳನ್ನು ಬಾಯಿಗಿಡುತ್ತದೆ. ಹೆಸರು ಒಂದೇ ಆದ ಮಾತ್ರಕ್ಕೆ ವಿಷವು ಸುನ್ನತ್ ಆಗುವುದಿಲ್ಲ.

ಬಿರಿಯಾನಿ ಪಾತ್ರೆಗೆ ಕಲಾಯಿ ಹಾಕಿಸುವಾಗ ತವರಕ್ಕೆ ಸೀಸ ಬೆರೆಸಿದ್ದರೆ ಅದು ಅನ್ನಕ್ಕಿಳಿಯುತ್ತದೆ. ಇನ್ನು ಗುಜರಿ, ಬ್ಯಾಟರಿ ದುರಸ್ತಿ, ಪೈಂಟಿಂಗ್ ಕೆಲಸಗಳಲ್ಲಿ ನಮ್ಮ ಸಮುದಾಯದ ಯುವಕರು ಬಹಳಷ್ಟಿದ್ದಾರೆ. ಕೆಲಸದ ಬಟ್ಟೆಯಲ್ಲೇ ಮನೆಗೆ ಬಂದು ಮಗುವನ್ನೆತ್ತಿಕೊಳ್ಳುವ ತಂದೆ, ತನಗರಿವಿಲ್ಲದೆಯೇ ಆ ಧೂಳನ್ನು ಮಗುವಿಗೆ ಉಡುಗೊರೆಯಾಗಿ ಕೊಡುತ್ತಾನೆ. ವಯಸ್ಕರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಸೀಸವನ್ನು ಮಗುವಿನ ದೇಹ ಹೀರಿಕೊಳ್ಳುತ್ತದೆ.

ಸರಕಾರಕ್ಕೆ ಹೊಣೆಯಿಲ್ಲವೇ? ಖಂಡಿತ ಇದೆ. ಗೃಹಬಳಕೆಯ ಪೈಂಟಿನಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ 2017ರಿಂದ ಜಾರಿಯಲ್ಲಿದೆ. ಕಾಗದದ ಮೇಲಿನ ನಿಯಮ ಬಡವರ ಗಲ್ಲಿಯನ್ನು ತಲುಪಬೇಕಾದರೆ ತಪಾಸಣೆ ನಡೆಯಬೇಕು. ನೆರೆಯ ಬಾಂಗ್ಲಾದೇಶವು ಇದಕ್ಕೆ ಮಾದರಿಯಾಗಿದೆ. ಅಲ್ಲಿ ಅರಸಿನಕ್ಕೆ ಹೊಳಪು ಬರಲೆಂದು ಸೀಸದ ಬಣ್ಣ ಬೆರೆಸುತ್ತಿದ್ದರು. 2019ರಲ್ಲಿ ಸರಕಾರ ಎಚ್ಚೆತ್ತು ಜನರನ್ನು ಎಚ್ಚರಿಸಿತು, ಕಲಬೆರಕೆ ವರ್ತಕರಿಗೆ ದಂಡ ವಿಧಿಸಿತು. ಆ ವರ್ಷ ಶೇ. 47ರಷ್ಟು ಮಾದರಿಗಳಲ್ಲಿ ಕಂಡುಬಂದಿದ್ದ ಸೀಸ 2021ರಲ್ಲಿ ಒಂದರಲ್ಲೂ ಕಾಣಲಿಲ್ಲ. ಇಚ್ಛಾಶಕ್ತಿಯಿದ್ದರೆ ಎರಡು ವರ್ಷ ಸಾಕು.

ನಮ್ಮಿಂದಾಗುವುದನ್ನು ನಾವು ಇಂದೇ ಆರಂಭಿಸೋಣ. ಮಕ್ಕಳ ಕಣ್ಣಿಗೆ ಸುರ್ಮಾ ಬೇಡ. ಕೆಲಸದ ಬಟ್ಟೆ ಹೊರಗೇ ಕಳಚಿ, ಮೈ ತೊಳೆದು ಒಳಗೆ ಬರೋಣ. ಧೂಳನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸೋಣ. ಇಡಿಯಾದ ಅರಸಿನ ತಂದು ಬೀಸೋಣ. ಹಸಿದ ಹೊಟ್ಟೆ ಸೀಸವನ್ನು ಹೆಚ್ಚು ಹೀರುವುದರಿಂದ ಮಕ್ಕಳಿಗೆ ಹಾಲು, ರಾಗಿ, ಸೊಪ್ಪನ್ನು ಹೊತ್ತಿಗೆ ಸರಿಯಾಗಿ ಕೊಡೋಣ. ಬ್ಯಾಟರಿ ಕೆಲಸಗಾರರ ಮಕ್ಕಳ ರಕ್ತಪರೀಕ್ಷೆಗೆ ಮೊಹಲ್ಲಾದ ಜಮಾಅತ್‌ಗಳು ವ್ಯವಸ್ಥೆ ಮಾಡಲಿ.

ಮಕ್ಕಳು ನಮ್ಮ ಸೊತ್ತಲ್ಲ, ನಮಗೆ ಒಪ್ಪಿಸಲಾದ ಅಮಾನತ್ತು. ಅವರ ಶಾಲಾ ಶುಲ್ಕಕ್ಕಾಗಿ ಸಾಲ ಮಾಡುವ ನಾವು, ಕಲಿಯಬೇಕಾದ ಬುದ್ಧಿಯನ್ನೇ ಮನೆಯೊಳಗೆ ಕಳಕೊಂಡರೆ ಆ ಸಾಲಕ್ಕೆ ಅರ್ಥವೇನು?